ಬುಧವಾರದ ಅಪ್‌ಡೇಟು, ಭಾನುವಾರದ ರೀಸ್ಟಾರ್ಟು

ತಿಂಗಳ ಎರಡನೇ ಮಂಗಳವಾರ ಕಳೆದು ಬುಧವಾರ ಬೆಳಗಾಯಿತು ಅಂದರೆ ಕಂಪ್ಯೂಟರಿನ ಪವರ್ ಗುಂಡಿ ಪಕ್ಕ ಅಪ್‌ಡೇಟು ಕಾದಿದೆ ಅನ್ನೋ ಕಿತ್ತಳೆ ಚುಕ್ಕಿ ಬಂದು ಕೂತಿರುತ್ತೆ. ನಿಮ್ಮನೇಲೂ ಅಷ್ಟೇ ಅಲ್ವಾ? 2003ರಿಂದ ಮೈಕ್ರೋಸಾಫ್ಟಿನವರು ಎರಡನೇ ಮಂಗಳವಾರ ವಿಂಡೋಸಿನ ಅಪ್‌ಡೇಟು ಹೊರತರೋ ಪದ್ಧತಿ ಬಿಟ್ಟಿಲ್ಲ. ಅವರ ಊರಲ್ಲಿ ಬೆಳಿಗ್ಗೆ 10 ಗಂಟೆಗೆ ಬಿಡುಗಡೆ. ಅಷ್ಟರಲ್ಲಿ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಾದರೆ ಹನ್ನೊಂದೂವರೆ. ವರ್ಷಕ್ಕೆರಡು ಸಲ ಗಡಿಯಾರದ ಮುಳ್ಳು ತಿರುಗಿಸೋ ದೇಶ ನೋಡಿ ಅದು! ಹಾಗಾಗಿ ಅವರ ಮಂಗಳವಾರ ನಮ್ಮ ಪಾಲಿಗೆ ಬುಧವಾರ.

ಬಂದದ್ದನ್ನ ಕೂಡಲೇ ಹಾಕಿಸಿಕೊಳ್ಳೋದಾ, ಕಾಯೋದಾ ಅನ್ನೋದೇ ಮಾತು. ‘ಸರಿಯಾಗಿ ನಡೀತಿರೋದನ್ನ ಯಾಕೆ ಕೆಣಕಬೇಕು?’ ಅನ್ನೋರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರ ಮಾತಲ್ಲೂ ಹುರುಳಿದೆ. 2018ರ ಅಕ್ಟೋಬರಿನಲ್ಲಿ ಬಂತಲ್ಲ, ವಿಂಡೋಸ್ 10ರ ದೊಡ್ಡ ಅಪ್‌ಡೇಟು, ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳನ್ನೇ ಅಳಿಸಿಹಾಕಿತು. ನಾಲ್ಕೇ ದಿನದಲ್ಲಿ ಅದನ್ನ ನಿಲ್ಲಿಸಿ, ಸರಿಪಡಿಸಿ, ನವೆಂಬರ್ ನಡುವಿನಲ್ಲಿ ಮತ್ತೆ ಬಿಟ್ಟರು. ಮೊದಲ ದಿನವೇ ಮುಗಿಬಿದ್ದವರಿಗೆ ತೊಂದರೆ, ಆರು ವಾರ ಕಾದವರಿಗೆ ಏನೂ ಇಲ್ಲ.

ಹಾಗಂತ ಪೂರ್ತಿ ಬಂದ್ ಮಾಡಿ ಕೂತರೆ? ವನ್ನಾಕ್ರೈ ಅನ್ನೋ ವೈರಸ್ ನೆನಪಿದೆಯಲ್ಲ. ಅದು ನುಗ್ಗುವ ಬಾಗಿಲನ್ನ ಮುಚ್ಚುವ ತೇಪೆ 2017ರ ಮಾರ್ಚ್ 14ಕ್ಕೇ ಬಂದಿತ್ತು. ಅದು ಹರಡಿದ್ದು ಮೇ 12ಕ್ಕೆ. ನಡುವೆ ಸುಮಾರು ಎರಡು ತಿಂಗಳು! ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್ನುಗಳೇ ಮುಂದಕ್ಕೆ ಹೋದವು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7, ಅದಕ್ಕೆ ಮಾರ್ಚಿನಲ್ಲೇ ತೇಪೆ ಇತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ ಇದೇ ಅಲ್ವಾ?

ಬಾಗಿಲು ಅಂದ ಕೂಡಲೇ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ ನೆನಪಾಗುತ್ತೆ. ಬೆಳಿಗ್ಗೆ ಬಾಗಿಲಿನಿಂದಾಚೆಗೂ ಜನ. ಪಹಣಿ ತೆಗೆಸೋಕೆ ಬಂದವರು, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಕೆ ಬಂದವರು, ಎಲ್ಲರ ಕಣ್ಣೂ ಪರದೆ ಮೇಲೆ. ಅಲ್ಲಿ ಗಿರಗಿರ ಸುತ್ತುವ ಚುಕ್ಕಿಗಳು, 27 ಅನ್ನೋ ಅಂಕಿ, ಕೆಳಗೆ ‘ಆಫ್ ಮಾಡಬೇಡಿ’ ಅನ್ನೋ ಸೂಚನೆ. ಒಬ್ಬ ಅಜ್ಜ ‘ಒಂದ್ಸಲ ವೈರ್ ಕಿತ್ತು ಹಾಕಪ್ಪ, ಸರಿ ಹೋಗುತ್ತೆ’ ಅಂದರು. ಅಂಗಡಿ ಹುಡುಗ ಪ್ಲಗ್ಗಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟ. ಪುಣ್ಯಾತ್ಮ, ಒಳ್ಳೇ ಕೆಲಸ ಮಾಡಿದ. ಆ ಹೊತ್ತಲ್ಲಿ ಕರೆಂಟು ಹೋದರೆ ಫೈಲುಗಳು ಅರ್ಧ ಹಳೇವು ಅರ್ಧ ಹೊಸವು ಆಗಿ ಯಂತ್ರ ಮೇಲೇಳದೇ ಹೋಗಬಹುದು. 27ರಿಂದ 30 ಆಗೋ ಹೊತ್ತಿಗೆ ಎದುರಿನ ಕ್ಯಾಂಟೀನಿನಿಂದ ಟೀ ಬಂದು ಲೋಟ ಖಾಲಿಯಾಯಿತು. ಆಮೇಲೆ ನೋಡನೋಡುತ್ತಿದ್ದಂತೆ ನೂರು! ಆ ಅಂಕಿಗೂ ಗಡಿಯಾರಕ್ಕೂ ಸಂಬಂಧ ಇಲ್ಲ ಅನ್ನಿ.

ಆ ಹುಡುಗನ ಯಂತ್ರಕ್ಕೆ ಅಪ್‌ಡೇಟು ಬೇಕೇ ಇತ್ತು, ಬೆಳಿಗ್ಗೆ ಹತ್ತು ಗಂಟೆಗೆ ಬೇಡವಾಗಿತ್ತು, ಅಷ್ಟೇ. ಸೆಟ್ಟಿಂಗ್ಸಿನಲ್ಲಿ ‘ಆಕ್ಟಿವ್ ಅವರ್ಸ್’ ಅಂತ ಇದೆಯಲ್ಲ, ನಾವು ಕೆಲಸ ಮಾಡೋ ಹೊತ್ತನ್ನ ಅಲ್ಲಿ ಹೇಳಿಟ್ಟರೆ ಆ ಹೊತ್ತಲ್ಲಿ ತಾನಾಗಿ ರೀಸ್ಟಾರ್ಟ್ ಆಗಲ್ಲ. 18 ಗಂಟೆಯ ತನಕ ಕೊಡಬಹುದು. ಪಾಜ್ ಗುಂಡಿ ಒತ್ತಿ ಐದು ವಾರ ತಡೆದು ನಿಲ್ಲಿಸೋಕೂ ಬರುತ್ತೆ.

ಇನ್ನೊಂದು ವಿಚಿತ್ರ ಕೇಳಿ. ದಿನಾ ಶಟ್‌ಡೌನ್ ಮಾಡ್ತೀವಲ್ಲ, ಅದು ಪೂರ್ತಿ ಶಟ್‌ಡೌನ್ ಅಲ್ಲ. ‘ಫಾಸ್ಟ್ ಸ್ಟಾರ್ಟಪ್’ ಇರೋ ಯಂತ್ರ ಒಳಗಿನ ಒಂದಷ್ಟನ್ನ ಡಿಸ್ಕಿನಲ್ಲಿ ಎತ್ತಿಟ್ಟುಕೊಂಡು ಮಲಗುತ್ತೆ, ಬೆಳಿಗ್ಗೆ ಅದನ್ನೇ ತೆಗೆದುಕೊಂಡು ಏಳುತ್ತೆ. ಎಲ್ಲ ಹೊಸದಾಗಿ ಶುರುವಾಗೋದು ರೀಸ್ಟಾರ್ಟಿನಲ್ಲಿ. ಅಪ್‌ಡೇಟ್ ಕೂಡ ಮುಗಿಯೋದು ಅಲ್ಲೇ. ಗುಂಡಿಯ ಹೆಸರು ನೋಡಿದರೆ ಉಲ್ಟಾ ಅನಿಸುತ್ತೆ, ಅಲ್ವಾ?

ನನ್ನ ಲೆಕ್ಕ ಇಷ್ಟು. ತಿಂಗಳ ತೇಪೆ ಬುಧವಾರ ಬರಲಿ, ಭಾನುವಾರದ ತನಕ ಹೊರಗೇ ಕಾಯಲಿ. ಅದರಲ್ಲಿ ದೊಡ್ಡ ತೊಡಕೇನಾದರೂ ಇದ್ದರೆ ಆ ನಾಲ್ಕು ದಿನದಲ್ಲಿ ಸುದ್ದಿ ಎದ್ದಿರುತ್ತೆ. ಅದಕ್ಕಿಂತ ತಡ ಬೇಡ, ಕಳ್ಳರು ಕಾಯಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಗೆ ಮಾತ್ರ ಒಂದೆರಡು ತಿಂಗಳು ಕೊಡಿ, ಅವಸರ ಏನೂ ಇಲ್ಲ. ಹಾಕಿಸಿಕೊಂಡ ಮೇಲೂ ಇಷ್ಟವಾಗದಿದ್ದರೆ 10 ದಿನದೊಳಗೆ ಹಳೇದಕ್ಕೆ ವಾಪಸ್ ಹೋಗಬಹುದು.

ಇನ್ನೂ ವಿಂಡೋಸ್ 10 ಇಟ್ಟುಕೊಂಡವರು ಮಾತ್ರ ಎಚ್ಚರ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ತೇಪೆಗಳು ನಿಂತವು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಒಂದು ವರ್ಷ ಹೆಚ್ಚುವರಿ ಸಿಕ್ಕಿತು. ಯಂತ್ರ ಹಳೇದಾಗಿ ವಿಂಡೋಸ್ 11 ಹಿಡಿಸದಿದ್ದರೆ ಉಬುಂಟು ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಂ ಇದೆ. ಅದರ ದೀರ್ಘಾವಧಿ ಬೆಂಬಲದ (ಎಲ್‌ಟಿಎಸ್) ಆವೃತ್ತಿಗೆ 5 ವರ್ಷ ತೇಪೆ ಬರುತ್ತೆ, ಕಾಸೂ ಕೇಳಲ್ಲ. ಚೆನ್ನಾಗಿ ಓಡೋ ಕಂಪ್ಯೂಟರನ್ನ ಗುಜರಿಗೆ ಹಾಕೋದು ನನಗಂತೂ ಒಪ್ಪೋದಿಲ್ಲ.

ಈ ಭಾನುವಾರ ಕಾಫಿ ಆದ ಮೇಲೆ ಕೂತ್ಕೊಳ್ಳಿ. ಮೊದಲು ಮಕ್ಕಳ ಫೋಟೋ, ಮನೆಪತ್ರದ ಸ್ಕ್ಯಾನು ಎಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಆಗಲಿ. ಲ್ಯಾಪ್‌ಟಾಪಾದರೆ ಚಾರ್ಜರ್ ಸಿಗಿಸಿ, ಡೆಸ್ಕ್‌ಟಾಪಾದರೆ ಯುಪಿಎಸ್ ನೋಡಿಕೊಳ್ಳಿ. ಆಮೇಲೆ ರೀಸ್ಟಾರ್ಟ್ ಒತ್ತಿ, ನೂರು ಆಗೋ ತನಕ ಪ್ಲಗ್ ಹತ್ತಿರ ಯಾರನ್ನೂ ಬಿಡಬೇಡಿ.