ನಗದುನಿಷ್ಠ

ಸಣ್ಣ ಜಾಹೀರಾತಿನ ಕೊನೆಗೆ ‘ನಗದು ಮಾತ್ರ’ ಎಂದು ಸೇರಿಸದೆ ಯಾವ ಹಳೆಯ ವಸ್ತುವನ್ನೂ ಮಾರಲಾರದ ಗೃಹಸ್ಥನನ್ನು, ಈ ವರ್ಗಕ್ಕೆ ಇದುವರೆಗೆ ಯಾರೂ ಹೆಸರಿಟ್ಟಂತೆ ಕಾಣದ ಕಾರಣ, ಇಲ್ಲಿ ನಗದುನಿಷ್ಠನೆಂದು ಕರೆಯಬಹುದು. ಈತ ವ್ಯಾಪಾರಿಯಲ್ಲ, ಹಾಲಿನವನಿಗೂ ಹೂವಿನವಳಿಗೂ ಫೋನಿನಲ್ಲಿಯೇ ಹಣ ಹಾಕುವ ಸೌಮ್ಯ ನಾಗರಿಕ. ಮಗ ವಿದೇಶಕ್ಕೆ ಹೋದ ಮೇಲೆ ಹೊದಿಕೆಯೊಳಗೆ ಮಲಗಿರುವ ಮಾರುತಿ ಕಾರನ್ನು ಅಪರಿಚಿತನೊಬ್ಬನಿಗೆ ಕೊಟ್ಟುಬಿಡಬೇಕೆಂದು ಮನೆಯಲ್ಲಿ ತೀರ್ಮಾನವಾದ ದಿನ ಮಾತ್ರ ಈತನ ಒಳಗಿನ ನಿಷ್ಠೆ ಎಚ್ಚರಗೊಳ್ಳುತ್ತದೆ. ಬೆಂಗಳೂರಿನ ಜಯನಗರ, ಮೈಸೂರಿನ ಸರಸ್ವತಿಪುರಂ, ಹುಬ್ಬಳ್ಳಿಯ ವಿದ್ಯಾನಗರದಂಥ ಹಳೆಯ ಬಡಾವಣೆಗಳಲ್ಲಿ ಈತನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗೇಟಿನ ಬಳಿ ನಿಂತು ‘ಕಾರು ಇದೆಯಂತಲ್ಲ’ ಎಂದರೆ ಸಾಕು, ಕಾರಿನ ಬಣ್ಣ ಹೇಳುವ ಮೊದಲೇ ಈತ ಚೆಕ್ಕಿನ ದೋಷಗಳನ್ನು ಹೇಳಲಾರಂಭಿಸುತ್ತಾನೆ.

ಕೈಯಲ್ಲಿ ಕಾಸು, ಬಾಯಲ್ಲಿ ದೋಸೆ ಎಂಬ ಗಾದೆ ಈತನ ಅರ್ಥಶಾಸ್ತ್ರದ ಪ್ರಥಮ ಸೂತ್ರವಾದರೆ, ಚೆಕ್ಕೆಂಬುದು ಹಣವಲ್ಲ, ಹಣ ಕೊಡೆಂದು ಬ್ಯಾಂಕಿಗೆ ಬರೆದ ಚೀಟಿ ಮಾತ್ರ ಎಂಬುದು ಎರಡನೆಯದು. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಚೆಕ್ಕು, ಹುಂಡಿ, ಪ್ರಾಮಿಸರಿ ನೋಟುಗಳಂಥ ಹಣಪತ್ರಗಳನ್ನು ಕುರಿತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಅಭಿಪ್ರಾಯವೂ ಹೆಚ್ಚುಕಡಿಮೆ ಇದೇ ಆಗಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗುವುದನ್ನು, ಅಂದರೆ ಜನ ಚೆಕ್ ಬೌನ್ಸ್ ಎನ್ನುವುದನ್ನು, ಅದೇ ಕಾಯ್ದೆಯ 138ನೆಯ ಪ್ರಕರಣವು 1989ರ ಏಪ್ರಿಲ್ 1ರಿಂದ ಅಪರಾಧವೆಂದು ಸಾರಿದೆಯೆಂದೂ, ಇಂದು ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸವಿದೆಯೆಂದೂ ಯಾರಾದರೂ ನೆನಪಿಸಿದರೆ ನಗದುನಿಷ್ಠನ ಮುಖದಲ್ಲಿ ಕರುಣೆ ಮೂಡುತ್ತದೆ. ಬ್ಯಾಂಕಿನಿಂದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದವನಿಗೆ ಹಣ ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು, ಅಲ್ಲಿಂದ ಮುಂದೆ ವಾಯಿದೆಯ ಮೇಲೆ ವಾಯಿದೆ ಎಂದು ಬೆರಳು ಮಡಿಸುತ್ತ ಹೋಗುವ ಈತನ ಲೆಕ್ಕದಲ್ಲಿ, ಮೊದಲ ವಾಯಿದೆ ಬರುವಷ್ಟರಲ್ಲಿ ಕಾರು ಹೊಸೂರಿನ ಗಡಿ ದಾಟಿ, ಬಣ್ಣ ಬದಲಾಯಿಸಿ, ಮೂರನೆಯ ಯಜಮಾನನ ಸೇವೆಯಲ್ಲಿರುತ್ತದೆ. ಈ ಪಂಥದ ಕಟ್ಟಾ ಅನುಯಾಯಿಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರು ಸೇರಿರುವುದು ಗಮನಾರ್ಹ. ಸೇವಾವಧಿಯುದ್ದಕ್ಕೂ ಪರರ ಚೆಕ್ಕುಗಳನ್ನು ಪಾಸು ಮಾಡಿದ ಕೈಗಳೇ ಸ್ವಂತ ಸ್ಕೂಟರಿನ ಪ್ರಶ್ನೆ ಬಂದಾಗ ಅವನ್ನು ಮುಟ್ಟಲು ಹಿಂಜರಿಯುತ್ತವೆ.

ರಿಸರ್ವ್ ಬ್ಯಾಂಕು ಈತನ ಸಮಾಧಾನಕ್ಕಾಗಿ ಪ್ರಯತ್ನವನ್ನೇನೂ ಬಿಟ್ಟಿಲ್ಲ. 2025ರ ಅಕ್ಟೋಬರ್ 4ರಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ, ಹಗಲಿನ ಗೊತ್ತುಪಡಿಸಿದ ಅವಧಿಯಲ್ಲಿ ಬಂದ ಚೆಕ್ಕುಗಳ ಚಿತ್ರಗಳು ಆಗಿಂದಾಗಲೇ ಹಣ ಕೊಡಬೇಕಾದ ಬ್ಯಾಂಕಿಗೆ ಹೋಗುತ್ತವೆ, ಆ ಬ್ಯಾಂಕು ಅಂದೇ ಸಂಜೆ 7ರೊಳಗೆ ಹೂಂ ಅಥವಾ ಊಹೂಂ ಎನ್ನಬೇಕು, ಸುಮ್ಮನಿದ್ದರೆ ಹೂಂ ಎಂದೇ ಅರ್ಥ. ನಗದುನಿಷ್ಠ ಇದನ್ನು ಶ್ರದ್ಧೆಯಿಂದ ಕೇಳಿ, ‘ಸರಿ, ಆದರೆ ಕಾರು ನೋಡಲು ಬರುವವರೆಲ್ಲ ಭಾನುವಾರವೇ ಬರುತ್ತಾರಲ್ಲ?’ ಎಂಬ ಒಂದು ಪ್ರಶ್ನೆಯಿಂದ ಇಡೀ ಸುಧಾರಣೆಯನ್ನು ಮುಗಿಸುತ್ತಾನೆ.

ಫೋನಿನಲ್ಲಿ ಹಣ ಪಡೆಯುವ ವಿಷಯದಲ್ಲಿ ಈತನ ಭಯ ಅಷ್ಟು ನಗುವಂಥದಲ್ಲ. ಹಣ ಹಾಕಿದಂತೆ ಸುಳ್ಳು ಸ್ಕ್ರೀನ್‌ಶಾಟ್ ತೋರಿಸುವವರೂ, ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲವೆಂಬುದನ್ನು ಅರಿಯದ ವೃದ್ಧರಿಂದ ‘ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಎಂದು ಖಾತೆ ಖಾಲಿ ಮಾಡಿಸುವವರೂ ಇದ್ದಾರೆ. ಬಂದ ಹಣ ಎಲ್ಲೋ ನಡೆದ ವಂಚನೆಯದಾಗಿದ್ದರೆ, ಏನೂ ಅರಿಯದೆ ಅದನ್ನು ಪಡೆದವನ ಖಾತೆಯೇ ಪೊಲೀಸರ ಸೂಚನೆಯಂತೆ ಸ್ತಬ್ಧವಾಗುವುದೂ ಉಂಟು.

ಇಷ್ಟಾದ ಮೇಲೆ ಉಳಿಯುವುದು ನೋಟು. ನೋಟಿನ ಪರೀಕ್ಷೆಯೇ ನಗದುನಿಷ್ಠನ ನಿಜವಾದ ರಂಗಸ್ಥಳ. ಐನೂರರ ಪ್ರತಿಯೊಂದು ನೋಟನ್ನೂ ಬೆಳಕಿಗೆ ಹಿಡಿದು ನೀರುಗುರುತಿನ ಗಾಂಧಿಯನ್ನು ಕಾಣುವುದು, ಓರೆ ಮಾಡಿ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗುವುದನ್ನು ನೋಡುವುದು, ದೃಷ್ಟಿಯಿಲ್ಲದವರ ಅನುಕೂಲಕ್ಕೆಂದು ಅಂಚಿನಲ್ಲಿ ಉಬ್ಬಾಗಿ ಅಚ್ಚಾದ ಐದು ಓರೆಗೆರೆಗಳನ್ನು, ತನ್ನ ಕನ್ನಡಕ ಮೂಗಿನ ಮೇಲೆಯೇ ಇದ್ದರೂ, ಉಗುರಿನಿಂದ ತಡವುವುದು, ಕಡೆಗೆ ಬೆರಳಿಗೆ ಎಂಜಲು ಹಚ್ಚಿ ಎಣಿಸುವುದು ಈ ಪರೀಕ್ಷೆಯ ಅಂಗಗಳು. ಎಣಿಕೆ ಮೂರು ಬಾರಿ ನಡೆಯುತ್ತದೆ: ಯಜಮಾನನದು ಸರಿಯಾಗಿರುತ್ತದೆ, ಯಜಮಾನಿಯದು ಒಂದು ಕಡಿಮೆ, ಅಳಿಯನದು ಒಂದು ಹೆಚ್ಚು, ಆದ್ದರಿಂದ ನಾಲ್ಕನೆಯ ಬಾರಿಯೂ ನಡೆಯುತ್ತದೆ. 2016ರ ನವೆಂಬರ್ 8ರ ರಾತ್ರಿ ಈತನ ಬೀರುವಿನಲ್ಲಿದ್ದ ಐನೂರು, ಸಾವಿರದ ನೋಟುಗಳು ವ್ಯವಹಾರಕ್ಕೆ ಸಲ್ಲದಂತಾದುದನ್ನು ಯಾರೂ ಆ ಗಳಿಗೆಯಲ್ಲಿ ಎತ್ತಬಾರದು. ಅದು ನೋಟಿನ ತಪ್ಪಲ್ಲವೆಂಬುದು ಈತನ ಖಚಿತ ನಿಲುವು.

ಇಂಥ ದುರ್ಭೇದ್ಯ ಕೋಟೆಗೆ ಬಿರುಕು ಬೀಳುವುದು ಆದಾಯ ತೆರಿಗೆಯ ಕಡೆಯಿಂದ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ಯಾರೂ ನಗದಾಗಿ ಪಡೆಯಬಾರದೆಂಬ ನಿಯಮ 2017ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಮೀರಿದರೆ ಪಡೆದ ಮೊತ್ತದಷ್ಟೇ ದಂಡ, ಅದೂ ಕೊಟ್ಟವನಿಗಲ್ಲ, ಪಡೆದವನಿಗೆ. ಕಾರಿನ ಬೆಲೆ 2,40,000ಕ್ಕೆ ಕುದುರಿದೆಯೆಂದಿಟ್ಟುಕೊಂಡರೆ, ಇಂದು ಅರ್ಧ ನಾಳೆ ಅರ್ಧ ಎಂದು ಈತ ಹೂಡುವ ಉಪಾಯವೂ ಫಲಿಸುವುದಿಲ್ಲ. ದಿನ ಬೇರೆಯಾದರೂ ವ್ಯವಹಾರ ಒಂದೇ ಎಂಬುದನ್ನು ಕಾನೂನು ಬರೆದವರು ಮೊದಲೇ ಯೋಚಿಸಿದ್ದಾರೆ, ಬಹುಶಃ ಅವರ ಮನೆಯಲ್ಲೂ ಒಬ್ಬ ನಗದುನಿಷ್ಠನಿದ್ದಿರಬೇಕು. ಹೀಗಾಗಿ 1,90,000 ನಗದು, ಉಳಿದ 50,000ಕ್ಕೆ ಚೆಕ್ಕು ಎಂಬ ರಾಜಿಗೆ ಈತ ನಿಟ್ಟುಸಿರಿಟ್ಟು ಇಳಿಯುತ್ತಾನೆ. ಆ ಒಂದು ಚೆಕ್ಕಿಗಾಗಿ ನಡೆಯುವ ವಿಚಾರಣೆ ಹೆಣ್ಣು ಕೊಡುವವರ ವಿಚಾರಣೆಯಂತಿರುತ್ತದೆ.

ಕೊಳ್ಳುವವನು ಮುಂದಿಟ್ಟ ಆಧಾರ್ ಕಾರ್ಡಿನ 12 ಅಂಕಿಗಳ ಮೇಲೆ ಈತನ ಕಣ್ಣು ಹಾಯುವುದೂ ಇಲ್ಲ. ‘ತಮ್ಮದು ಯಾವೂರಾಯಿತು?’ ಎಂಬಲ್ಲಿಂದ ಆರಂಭವಾಗಿ, ತಿಪಟೂರು ಎಂದರೆ ಪೇಟೆಯೋ ಹಳ್ಳಿಯೋ, ಹಳ್ಳಿಯಾದರೆ ಕೆರೆಯ ಈಚೆಗೋ ಆಚೆಗೋ ಎಂದು ಮುಂದುವರಿದು, ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಮೇಷ್ಟರು ಕೊಳ್ಳುವವನಿಗೆ ಸೋದರಮಾವನೆಂದೂ, ಅದೇ ಮೇಷ್ಟರು ತನ್ನ ಷಡ್ಡಕನಿಗೆ ಬೀಗರೆಂದೂ ಹೊರಬೀಳುವ ಕ್ಷಣದಲ್ಲಿ ಶಾಸ್ತ್ರವೆಲ್ಲ ಕರಗಿಹೋಗುತ್ತದೆ. ‘ಮೊದಲೇ ಹೇಳಬಾರದಿತ್ತೇ ಸ್ವಾಮಿ!’ ಎಂಬ ಉದ್ಗಾರದೊಂದಿಗೆ ಒಳಗಿನಿಂದ ಎರಡನೆಯ ಸುತ್ತಿನ ಕಾಫಿ ಬರುತ್ತದೆ, ಬೆಲೆಯಲ್ಲಿ ಐದು ಸಾವಿರ ತಾನಾಗಿ ಇಳಿಯುತ್ತದೆ, ಒಡೆತನ ಬದಲಾವಣೆಗೆ ಸಾರಿಗೆ ಕಚೇರಿ ಕೇಳುವ ಫಾರಂ 29 ಮತ್ತು 30ಕ್ಕೆ, ಪೂರ್ತಿ ಹಣ ಕೈಸೇರುವವರೆಗೆ ತಡೆಹಿಡಿಯಬೇಕೆಂದಿದ್ದ ಸಹಿಗಳೆಲ್ಲ ಒಂದೇ ಉಸಿರಿನಲ್ಲಿ ಬೀಳುತ್ತವೆ, ಈಗ 45,000ಕ್ಕೆ ಬರೆದ ಚೆಕ್ಕು ಮಡಿಕೆಯಾಗದಂತೆ ಬೀರು ಸೇರುತ್ತದೆ. ಗಣಿತದ ಮೇಷ್ಟರ ಸೋದರಳಿಯನ ಖಾತೆಯಲ್ಲಿ ಎಷ್ಟು ಹಣವಿದೆಯೆಂಬುದಕ್ಕೂ ಮೇಷ್ಟರಿಗೂ ಏನು ಸಂಬಂಧವೆಂದು ಅಳಿಯ ಕೇಳಿದರೆ, ಅವನು ಸಾಫ್ಟ್‌ವೇರಿನವನು, ಅವನಿಗೆ ವ್ಯವಹಾರ ತಿಳಿಯದು.

ನಂಟು ಹೊರಬಿದ್ದ ಮೇಲೆ ಚೆಕ್ಕನ್ನು ಮರುದಿನವೇ ಬ್ಯಾಂಕಿಗೆ ಹಾಕುವುದು ಅಪನಂಬಿಕೆಯಂತೆ ಕಾಣುವುದರಿಂದ, ಈತ ಮೊದಲು ಫೋನು ಮಾಡಿ, ಮೇಷ್ಟರ ಆರೋಗ್ಯ ವಿಚಾರಿಸಿ, ಕೊನೆಯಲ್ಲಿ ‘ಅದೊಂದು ಹಾಕಿಬಿಡಲೇ?’ ಎನ್ನುತ್ತಾನೆ. ‘ಅಯ್ಯೋ ಹಾಕಿ, ಆದರೆ ಒಂದು ವಾರ ತಡೆದರೆ ಒಳ್ಳೆಯದು’ ಎಂಬ ಉತ್ತರ ಬರುತ್ತದೆ. ಈ ಸಂಭಾಷಣೆ ಆಗಾಗ ಮರುಕಳಿಸುತ್ತಿರುವಾಗ, 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಆರು ತಿಂಗಳಿನಿಂದ ಮೂರಕ್ಕೆ ಇಳಿದಿರುವುದನ್ನು ನಗದುನಿಷ್ಠ, ಬೇರೆಯವರಿಗೆ ಎಷ್ಟೋ ಬಾರಿ ಬೋಧಿಸಿದ್ದರೂ, ಮರೆಯುತ್ತಾನೆ. ಅವಧಿ ಮೀರಿದ ಚೆಕ್ಕಿಗೆ 138ನೆಯ ಪ್ರಕರಣದ ರಕ್ಷಣೆಯೂ ಇಲ್ಲ. ಇದ್ದಿದ್ದರೂ ಷಡ್ಡಕನ ಬೀಗರ ಸೋದರಳಿಯನಿಗೆ ರಿಜಿಸ್ಟರ್ಡ್ ನೋಟಿಸು ಕಳಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ. ‘ಅದಕ್ಕೇನಂತೆ, ಮುಂದಿನ ತಿಂಗಳು ತಂಗಿಯ ಮದುವೆ, ಮನೆಯವರೆಲ್ಲ ಬರಲೇಬೇಕು, ಅಲ್ಲೇ ಹೊಸದು ಬರೆದುಕೊಡುತ್ತೇನೆ’ ಎಂದು ಆ ಕಡೆಯಿಂದ ಆಹ್ವಾನ ಬರುತ್ತದೆ. ನಗದುನಿಷ್ಠ ಕುಟುಂಬಸಮೇತ ತಿಪಟೂರಿಗೆ ಹೋಗಿ, ಮುಯ್ಯಿಯ ಕವರಿನಲ್ಲಿ 1,001 ರೂಪಾಯಿ ನಗದು ಕೊಟ್ಟು, ಊಟ ಮುಗಿಸಿ, ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆಗೆ ಒಂದೂವರೆ ತಿಂಗಳು ಮುಂದಿನ ತಾರೀಖಿನ ಚೆಕ್ಕನ್ನೂ ಇಟ್ಟುಕೊಂಡು ಬಸ್ಸು ಹತ್ತುತ್ತಾನೆ.