ತೂಕದ ಮಾತು: ಹಿಚ್ ಬಾಲ್ ಜೊತೆ ಒಂದು ಸಂದರ್ಶನ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಹತ್ತು ಎಕರೆ ಮೀರಿದ ಸರೋವರಗಳೇ 11,842 ಇವೆ ಎಂಬುದು ಅಲ್ಲಿನ ಸರ್ಕಾರದ ಲೆಕ್ಕ. ನೀರು ಇಷ್ಟಿದ್ದ ಮೇಲೆ ಅಂಗಳದಲ್ಲಿ ದೋಣಿ ನಿಂತಿರುವುದು ಅಲ್ಲಿ ಸಿರಿವಂತಿಕೆಯ ಗುರುತೇನಲ್ಲ. ದೋಣಿಯನ್ನು ಟ್ರೇಲರ್ ಮೇಲೆ ಕೂರಿಸಿ, ಟ್ರೇಲರನ್ನು ಕಾರಿಗೆ ಸಿಕ್ಕಿಸಿ, ಶನಿವಾರ ಬೆಳಗ್ಗೆ ಸರೋವರದ ದಾರಿ ಹಿಡಿಯುವುದು ಸಂಸಾರಸ್ಥರ ರೂಢಿ. ತಕರಾರು ಹುಟ್ಟುವುದು ಕಾರಿನ ವಿಷಯಕ್ಕೆ. ದೋಣಿ ಎಳೆಯಬೇಕೆಂದರೆ ರಾಕ್ಷಸ ಗಾತ್ರದ ಪಿಕಪ್ಪೇ ಆಗಬೇಕು ಎಂದು ಒಂದು ಪಂಗಡ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಯೇ ಧಾರಾಳ ಸಾಕು ಎಂದು ಇನ್ನೊಂದು. ಮಾರಾಟಗಾರರು, ಮೆಕ್ಯಾನಿಕ್ಕುಗಳು, ಭಾವಮೈದುನರು ಎಲ್ಲರೂ ಸಾಕ್ಷಿ ಹೇಳಿಯಾಗಿದೆ. ಕಾರಿನ ಹಿಂಬದಿಯಲ್ಲಿ ನಿಂತು ಟ್ರೇಲರಿನ ಮೂತಿಯನ್ನು ತಲೆಯ ಮೇಲೆ ಹೊರುವ ಎರಡಿಂಚು ವ್ಯಾಸದ ಉಕ್ಕಿನ ಗುಂಡನ್ನು, ಅಂದರೆ ಹಿಚ್ ಬಾಲನ್ನು, ಮಾತ್ರ ಯಾರೂ ಮಾತಾಡಿಸಿರಲಿಲ್ಲ. ಬೋಳುತಲೆಗೆ ಗ್ರೀಸ್ ಹಚ್ಚಿಕೊಂಡು ಕೂತಿದ್ದ ಆ ಮಹನೀಯರು ನಮ್ಮ ಪ್ರಶ್ನೆಗಳಿಗೆ ಕೊಟ್ಟ ಉತ್ತರ ಇಲ್ಲಿದೆ.

ಪ್ರಶ್ನೆ: ಸುತ್ತುಬಳಸು ಬೇಡ. ದೋಣಿ ಎಳೆಯಲು ಎಷ್ಟು ದೊಡ್ಡ ಗಾಡಿ ಬೇಕು?

ಹಿಚ್ ಬಾಲ್: ಎಲ್ಲರೂ ಎಡವುವುದು ಇದೇ ಪ್ರಶ್ನೆಯಲ್ಲಿ. ಮೊದಲು ಕೇಳಬೇಕಾದ್ದು ದೋಣಿಯ ತೂಕ ಎಷ್ಟು ಅಂತ. ಅದಕ್ಕೆ ಉತ್ತರ ದೋಣಿಯ ಕ್ಯಾಟಲಾಗಿನಲ್ಲಿ ಸಿಗುವುದಿಲ್ಲ. ಅಲ್ಲಿ ಬರೆದಿರುವುದು ಒಣ ತೂಕ. ಅದರಲ್ಲಿ ಪೆಟ್ರೋಲ್ ಇಲ್ಲ, ಬ್ಯಾಟರಿ ಇಲ್ಲ, ಲಂಗರು, ಲೈಫ್ ಜಾಕೆಟ್ಟು, ಐಸ್ ಪೆಟ್ಟಿಗೆ ಯಾವುದೂ ಇಲ್ಲ. ಎಂಜಿನನ್ನು ಹೊರಗಡೆ ತೂಗುಹಾಕುವ ಔಟ್‌ಬೋರ್ಡ್ ದೋಣಿಯಾದರೆ ಎಷ್ಟೋ ಸಲ ಎಂಜಿನ್ನೂ ಇರುವುದಿಲ್ಲ. ಟ್ರೇಲರಿನ ತೂಕವಂತೂ ಬೇರೆಯೇ. ನಾಲ್ಕು ಜನ ಆರಾಮಾಗಿ ಕೂರುವ 18 ಅಡಿಯ ದೋಣಿಯೊಂದನ್ನು ತೆಗೆದುಕೊಳ್ಳಿ. ಎಂಜಿನ್ ಸೇರಿ ಒಣ ತೂಕ 2,500 ಪೌಂಡು ಎನ್ನೋಣ. ಟ್ರೇಲರ್ 800. ಮೂವತ್ತು ಗ್ಯಾಲನ್ ಪೆಟ್ರೋಲಿಗೆ 180ಕ್ಕಿಂತ ಸ್ವಲ್ಪ ಹೆಚ್ಚು. ಹಗ್ಗ, ಲಂಗರು, ಬ್ಯಾಟರಿ, ಸ್ಕೀ ಹಲಗೆ ಎಲ್ಲ ಸೇರಿ 250. ಒಟ್ಟು 3,730 ಪೌಂಡು, ನಿಮ್ಮ ಲೆಕ್ಕದಲ್ಲಿ ಸುಮಾರು 1,700 ಕಿಲೊ. ಕ್ಯಾಟಲಾಗಿನ ಸಂಖ್ಯೆ ನಂಬಿ ಕಾರು ಕೊಂಡವನು ಅಂಗಡಿಯಿಂದ ಹೊರಬೀಳುವ ಮೊದಲೇ ಅರ್ಧ ಟನ್ನು ಮರೆತಿರುತ್ತಾನೆ. ತುಂಬಿದ ದೋಣಿಯನ್ನು ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಒಮ್ಮೆ ನಿಲ್ಲಿಸಿದರೆ ಈ ಜಗಳ ಮುಗಿಯುತ್ತದೆ. ದೋಣಿಯ ತಳದ ಬಿರಡೆಯನ್ನೂ ಬಿಚ್ಚಿಡಿ. ಜೀಬ್ರಾ ಚಿಪ್ಪುಮೀನು ಒಂದು ಸರೋವರದಿಂದ ಇನ್ನೊಂದಕ್ಕೆ ಹರಡದಿರಲೆಂದು ಮಿನೆಸೋಟದ ಕಾನೂನು ರಸ್ತೆಯ ಮೇಲೆ ಬಿರಡೆ ತೆಗೆದಿರಬೇಕು ಎನ್ನುತ್ತದೆ. ನನಗೂ ಅದು ಅನುಕೂಲ. ತಳದಲ್ಲಿ ಉಳಿದ ನೀರು ಒಂದೊಂದು ಗ್ಯಾಲನ್ನಿಗೆ ಎಂಟು ಪೌಂಡಿನ ಮೇಲೆ ತೂಗುತ್ತದೆ.

ಪ್ರಶ್ನೆ: ಸರಿ, 3,730. ಕಾರಿನ ಬ್ರೋಷರಿನಲ್ಲಿ 5,000 ಪೌಂಡು ಎಳೆಯುತ್ತದೆ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಕಥೆ ಮುಗಿಯಿತಲ್ಲ?

ಹಿಚ್ ಬಾಲ್: ದಪ್ಪಕ್ಷರದ ಸಂಖ್ಯೆ ಸುಳ್ಳು ಎನ್ನಲಾರೆ. ಅದಕ್ಕೊಂದು ಚರಿತ್ರೆ ಇದೆ. ಹಿಂದೆ ಪ್ರತಿ ಕಂಪನಿಯೂ ತನಗೆ ತೋಚಿದ ಹಾಗೆ ಅಳೆದು ತನಗೆ ಹಿತವಾದ ಸಂಖ್ಯೆ ಬರೆದುಕೊಳ್ಳುತ್ತಿತ್ತು. 2008ರಲ್ಲಿ ಎಂಜಿನಿಯರುಗಳ ಸಂಘವಾದ ಎಸ್‌ಎಇ, ಜೆ2807 ಎಂಬ ಒಂದೇ ಅಳತೆಗೋಲು ತಂದಿತು. ಅರಿಜೋನದ ಡೇವಿಸ್ ಡ್ಯಾಮ್ ಬಳಿಯ ಹನ್ನೊಂದು ಮೈಲಿ ಚಿಲ್ಲರೆ ಏರುದಾರಿಯನ್ನು ಬೇಸಿಗೆಯ ಬಿಸಿಲಿನಲ್ಲಿ, ಏಸಿ ಪೂರ್ತಿ ಹಾಕಿಕೊಂಡು, ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು. 2011ರ ಮಾದರಿಗಳಿಗೆ ಟೊಯೋಟ ಇದನ್ನು ಮೊದಲು ಒಪ್ಪಿಕೊಂಡಾಗ ಅದರ ಟುಂಡ್ರ ಪಿಕಪ್ಪಿನ ಸಂಖ್ಯೆ ಕೆಳಗಿಳಿಯಿತು. ಉಳಿದವರು ನಿಧಾನವಾಗಿ ಹಿಂದೆ ಬಂದರು. ಈ ಪರೀಕ್ಷೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದರಲ್ಲಿ ಕಾರಿನೊಳಗೆ ಕೂತಿರುವವರು ಒಬ್ಬ ಡ್ರೈವರು, ಒಬ್ಬ ಪ್ರಯಾಣಿಕ, ತಲಾ 150 ಪೌಂಡು. ಮಕ್ಕಳಿಲ್ಲ, ಅಜ್ಜಿ ಇಲ್ಲ, ಊಟದ ಡಬ್ಬಿ ಇಲ್ಲ. ಸಂಸಾರಸ್ಥರಿಗೆ ಬೇಕಾದ ಸಂಖ್ಯೆ ಬ್ರೋಷರಿನಲ್ಲಿಲ್ಲ, ಡ್ರೈವರಿನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಹಳದಿ ಬಿಳಿ ಚೀಟಿಯಲ್ಲಿದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡು ಮೀರಕೂಡದು. ನನ್ನ ತಲೆಯ ಮೇಲೆ ಟ್ರೇಲರಿನ ಮೂತಿ ಒತ್ತುವ ಭಾರವೂ ಆ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ಶೋರೂಮಿನಲ್ಲಿ ಯಾರೂ ಮೈಕು ಹಿಡಿದು ಹೇಳುವುದಿಲ್ಲ.

ಪ್ರಶ್ನೆ: ಆ ಲೆಕ್ಕವನ್ನು ನೀವೇ ಮಾಡಿ ತೋರಿಸಿ.

ಹಿಚ್ ಬಾಲ್: ಚೀಟಿಯಲ್ಲಿ 1,300 ಪೌಂಡು ಎಂದಿದೆ ಅಂದುಕೊಳ್ಳಿ, ಮೂರು ಸಾಲು ಸೀಟಿನ ಗಾಡಿಗಳಲ್ಲಿ ಇದು ಅಪರೂಪದ ಸಂಖ್ಯೆಯೇನಲ್ಲ. ಮೂತಿಯ ಭಾರ ಟ್ರೇಲರಿನ ಒಟ್ಟು ತೂಕದ ಹತ್ತರಲ್ಲೊಂದು ಪಾಲಿನ ಆಸುಪಾಸು ಇರಬೇಕು. ನಮ್ಮ ದೋಣಿಗೆ ಅದು ಸುಮಾರು 370. ಈಗ ಮಿನಿಯಾಪೊಲಿಸ್‌ನ ಒಂದು ಕನ್ನಡ ಮನೆಯ ಬೇಸಿಗೆಯನ್ನು ನೆನೆಯಿರಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮೈಸೂರಿನಿಂದ ಬಂದಿಳಿದ ಅಪ್ಪ ಅಮ್ಮ. ದೊಡ್ಡವರು ನಾಲ್ವರಿಗೆ 600, ಮಕ್ಕಳಿಬ್ಬರಿಗೆ 140. ಬಟ್ಟೆಬರೆ, ಪುಳಿಯೋಗರೆ, ನೀರಿನ ಕ್ಯಾನು, ಚಾಪೆ ಸೇರಿ 150. ನನ್ನ ಪಾಲು 370 ಕೂಡಿಸಿದರೆ 1,260. ನನ್ನನ್ನು ಕಾರಿಗೆ ಹಿಡಿದಿಡುವ ಹಿಚ್ಚನ್ನು ಆಮೇಲೆ ಹೊರಗೆ ಹಾಕಿಸಿದ್ದರೆ ಆ ಕಬ್ಬಿಣದ ತೂಕ 40 ಪೌಂಡು. ಸರಿಯಾಗಿ 1,300. ಅಮ್ಮ ಕೊನೇ ಗಳಿಗೆಯಲ್ಲಿ ತರುವ ಉಪ್ಪಿನಕಾಯಿ ಭರಣಿಗೆ ಜಾಗವಿದೆ, ತೂಕವಿಲ್ಲ. ಎಳೆಯುವ ಶಕ್ತಿಯಲ್ಲಿ ಇನ್ನೂ 1,270 ಪೌಂಡು ಬಾಕಿ ಇರುವಾಗಲೇ ಹೊರುವ ಶಕ್ತಿ ಮುಗಿದುಹೋಯಿತು. ಪರಿಹಾರ ಕಷ್ಟದ್ದಲ್ಲ. ಸಾಮಾನನ್ನು ದೋಣಿಗೆ ಸಾಗಿಸಿ, ಟ್ರೇಲರಿನ ಚಕ್ರದ ಮೇಲೆ ಬರುವಂತೆ ಇಡಿ. ಆಗ ಅದರ ಭಾರದಲ್ಲಿ ಚೂರುಪಾರು ಮಾತ್ರ ನನಗೆ ಬರುತ್ತದೆ. ಆದರೆ ಚೀಟಿ ಓದದವನಿಗೆ ಈ ಪರಿಹಾರ ಹೊಳೆಯುವುದಿಲ್ಲ.

ಪ್ರಶ್ನೆ: ಇಷ್ಟು ಇಕ್ಕಟ್ಟಾದರೆ ದೊಡ್ಡ ಪಿಕಪ್ ಕೊಳ್ಳುವುದೇ ವಾಸಿ ಎಂದು ನಿಮ್ಮ ಮಾತಿನಿಂದಲೇ ಸಾಬೀತಾಯಿತಲ್ಲ?

ಹಿಚ್ ಬಾಲ್: ಪಿಕಪ್ಪಿಗೂ ಬಾಗಿಲಿದೆ, ಅದರ ಕಂಬಕ್ಕೂ ಚೀಟಿ ಅಂಟಿಸಿದ್ದಾರೆ. ಜಾಹೀರಾತಿನಲ್ಲಿ 11,000 ಪೌಂಡು ಎಳೆಯುತ್ತೇನೆ ಎಂದು ಎದೆ ತಟ್ಟಿಕೊಳ್ಳುವ ಗಾಡಿಯನ್ನೇ ನೋಡಿ. ಅಷ್ಟು ತೂಕದ ಟ್ರೇಲರ್ ಸಿಕ್ಕಿಸಿದರೆ ನನ್ನ ತಲೆಗೆ 1,100. ಚರ್ಮದ ಸೀಟು, ಗಾಜಿನ ಛಾವಣಿ, ನಾಲ್ಕು ಬಾಗಿಲು ಎಲ್ಲ ಸೇರಿಸಿದ ಐಷಾರಾಮಿ ಮಾದರಿಯ ಚೀಟಿಯಲ್ಲಿ 1,500 ಇದ್ದರೆ ಉಳಿದದ್ದು 400 ಪೌಂಡು, ಅಂದರೆ ಇಬ್ಬರು ಮನುಷ್ಯರು ಮತ್ತು ಒಂದು ಚೀಲ. ಅಲಂಕಾರ ಹೆಚ್ಚಿದಷ್ಟೂ ಹೊರುವ ಶಕ್ತಿ ಇಳಿಯುತ್ತದೆ, ಏಕೆಂದರೆ ಅಲಂಕಾರಕ್ಕೂ ತೂಕವಿದೆ. ನಮ್ಮ 3,730 ಪೌಂಡಿನ ದೋಣಿಯನ್ನು ಆ ಪಿಕಪ್ ಸಲೀಸಾಗಿ ಎಳೆಯುತ್ತದೆ, ಒಪ್ಪಿದೆ. ಆದರೆ ಮಿನೆಸೋಟದಲ್ಲಿ ಚಳಿಗಾಲ ಬಂದರೆ ಸರೋವರ ಹೆಪ್ಪುಗಟ್ಟುತ್ತದೆ. ದೋಣಿ ನೀರಿಗಿಳಿಯುವುದು ಬೇಸಿಗೆಯ ಕೆಲವು ವಾರಾಂತ್ಯ. ಉಳಿದ ದಿನ ಅದೇ ಗಾಡಿ ಒಬ್ಬನೇ ಮನುಷ್ಯನನ್ನು ಆಫೀಸಿಗೆ ಒಯ್ಯುತ್ತಾ ಪೆಟ್ರೋಲ್ ಕುಡಿಯುತ್ತದೆ. ಕೆಲವು ವಾರಾಂತ್ಯದ ಚಿಂತೆಗೆ ವರ್ಷವಿಡೀ ದಂಡ ಕಟ್ಟುವುದನ್ನು ಮುಂದಾಲೋಚನೆ ಎಂದು ನಾನು ಕರೆಯಲಾರೆ.

ಪ್ರಶ್ನೆ: ಹಾಗಾದರೆ ಚಿಕ್ಕದರಲ್ಲಿ ಯಾವುದು?

ಹಿಚ್ ಬಾಲ್: ಹೆಸರು ನೋಡಿ ಮೋಸಹೋಗಬೇಡಿ. ಹೋಂಡಾ ಪೈಲಟ್ ಎರಡು ಚಕ್ರದ ಚಾಲನೆಯಲ್ಲಿ 3,500 ಪೌಂಡು, ನಾಲ್ಕು ಚಕ್ರದ ಚಾಲನೆಯಲ್ಲಿ 5,000. ಟೊಯೋಟ ಹೈಲ್ಯಾಂಡರ್ ಪೆಟ್ರೋಲಿನದಾದರೆ 5,000, ಹೈಬ್ರಿಡ್ ಆದರೆ 3,500. ಫೋರ್ಡ್ ಮ್ಯಾವೆರಿಕ್ ಎಂಬ ಪುಟ್ಟ ಪಿಕಪ್ ಬರಿದೇ ಬಂದರೆ 2,000, ಟರ್ಬೊ ಎಂಜಿನ್ನಿನ ಜೊತೆ, ಎಳೆಯುವುದಕ್ಕೆಂದೇ ಕಂಪನಿ ಜೋಡಿಸಿಕೊಡುವ ಟೋ ಪ್ಯಾಕೇಜ್ ಸೇರಿದರೆ 4,000. ಈ ಪ್ಯಾಕೇಜಿನಲ್ಲಿ ಕಣ್ಣಿಗೆ ಕಾಣದ ಕೂಲಿಂಗ್ ವ್ಯವಸ್ಥೆಯೇ ಮುಖ್ಯ. ಭಾರ ಎಳೆಯುವಾಗ ಹೆಚ್ಚಾಗಿ ಮೊದಲು ಸೋಲುವುದು ಗೇರ್‌ಬಾಕ್ಸ್, ಅದೂ ಬಿಸಿಯಿಂದ. ಆಮೇಲೆ ನನ್ನಂಥ ಗುಂಡು ತಂದು ಸಿಕ್ಕಿಸಿದ ಮಾತ್ರಕ್ಕೆ ಆ ಶಕ್ತಿ ಬರುವುದಿಲ್ಲ. ಎಲ್ಲರೂ ಮೂಗು ಮುರಿಯುವ ಮಿನಿವ್ಯಾನನ್ನೂ ಮರೆಯಬೇಡಿ. ಟೊಯೋಟ ಸಿಯೆನಾ, ಹೋಂಡಾ ಒಡಿಸ್ಸಿ ಎರಡೂ 3,500ಕ್ಕೆ ಅರ್ಹ. ಹದಿನಾರು ಅಡಿಯ ಅಲ್ಯುಮಿನಿಯಂ ಮೀನು ದೋಣಿ, ಎಂಜಿನ್, ಟ್ರೇಲರ್ ಸೇರಿ ಸಾಮಾನ್ಯವಾಗಿ 2,000 ಪೌಂಡಿನ ಆಸುಪಾಸು. ಅದಕ್ಕೆ ಮಿನಿವ್ಯಾನ್ ಬೇಕಾದಷ್ಟಾಯಿತು. ಪಕ್ಕದ ಮನೆಯವರ ಕಣ್ಣಿಗೆ ಸಾಲದು ಅನ್ನಿಸಬಹುದು, ಆದರೆ ಅವರ ಕಣ್ಣಿನ ತೂಕ ಯಾವ ಚೀಟಿಯಲ್ಲೂ ಬರೆದಿಲ್ಲ.

ಪ್ರಶ್ನೆ: ಹೆದ್ದಾರಿಯಲ್ಲಿ ಚಿಕ್ಕ ಗಾಡಿಯನ್ನು ದೋಣಿಯೇ ಆಡಿಸಿಬಿಡುತ್ತದೆ ಎನ್ನುತ್ತಾರೆ. ಈ ಭಯ ಸುಳ್ಳೇ?

ಹಿಚ್ ಬಾಲ್: ಸುಳ್ಳಲ್ಲ. ಎಳೆಯುವುದಕ್ಕಿಂತ ಎಳೆಸಿಕೊಳ್ಳುವುದು ಭಾರವಾದರೆ ಸ್ಟೀರಿಂಗ್ ಯಾರ ಕೈಯಲ್ಲಿದೆ ಎಂಬುದು ಅನುಮಾನಕ್ಕೆ ಬೀಳುತ್ತದೆ. ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವ ಹೊಸಬರಿಗೆ ಒಂದು ಸಲಹೆ ಕೊಡುತ್ತಾರೆ: ಎಳೆಯುವ ಭಾರ ಕಾರಿನ ತೂಕದ ನೂರಕ್ಕೆ 85 ಮೀರದಿರಲಿ. ನಮ್ಮ ಮೂರು ಸಾಲಿನ ಗಾಡಿ 4,500 ಪೌಂಡು ತೂಗಿದರೆ ಅದರ ನೂರಕ್ಕೆ 85 ಎಂದರೆ 3,825. ದೋಣಿ ಅದರೊಳಗೆ ಬರುತ್ತದೆ. ಇನ್ನು ಓಲಾಟದ ಕಾರಣ ಬಹಳ ಸಲ ಗಾಡಿಯ ಗಾತ್ರದಲ್ಲಿ ಇರುವುದೇ ಇಲ್ಲ, ಹೇರಿದ ಬಗೆಯಲ್ಲಿ ಇರುತ್ತದೆ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿನದೂ ಅದೇ ನ್ಯಾಯ. ಸಾಮಾನ್ಯವಾಗಿ ದೋಣಿಯ ಹಿಂಬದಿಯಲ್ಲೇ ಎಂಜಿನ್ ಇರುತ್ತದೆ. ಅದರ ಜೊತೆಗೆ ಐಸ್ ಪೆಟ್ಟಿಗೆಯನ್ನೂ ಅಲ್ಲೇ ತುರುಕಿದರೆ ನನ್ನ ತಲೆ ಹಗುರಾಗಿ ಟ್ರೇಲರಿನ ಬಾಲ ಅಲ್ಲಾಡತೊಡಗುತ್ತದೆ. ಬ್ರೇಕಿನ ಮಾತೂ ಇದೆ. ಅಮೆರಿಕದ ಅನೇಕ ರಾಜ್ಯಗಳು 3,000 ಪೌಂಡು ದಾಟಿದ ಟ್ರೇಲರಿಗೆ ಅದರದೇ ಬ್ರೇಕ್ ಬೇಕೆನ್ನುತ್ತವೆ, ಕ್ಯಾಲಿಫೋರ್ನಿಯ 1,500ಕ್ಕೇ ಕೇಳುತ್ತದೆ. ದೋಣಿ ಟ್ರೇಲರ್ ನೀರಿಗಿಳಿಯುವುದರಿಂದ ಅದಕ್ಕೆ ಹೆಚ್ಚಾಗಿ ವಿದ್ಯುತ್ ಬ್ರೇಕ್ ಹಾಕುವುದಿಲ್ಲ. ಕಾರು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕೇ ಬ್ರೇಕನ್ನು ಒತ್ತುವ ವ್ಯವಸ್ಥೆ ಇರುತ್ತದೆ. ದೊಡ್ಡ ಪಿಕಪ್ಪಿಗೆ ಸುರಿಯುವ ದುಡ್ಡಿನಲ್ಲಿ ಒಂದು ಚೂರನ್ನು ಈ ಬ್ರೇಕಿಗೆ ಹಾಕಿದರೆ ಸುರಕ್ಷೆ ಹೆಚ್ಚು ಸಿಗುತ್ತದೆ.

ಪ್ರಶ್ನೆ: ಯುರೋಪಿನಲ್ಲಿ ಪುಟಾಣಿ ಕಾರುಗಳೂ ದೊಡ್ಡ ಟ್ರೇಲರ್ ಎಳೆಯುತ್ತವೆ. ಅಮೆರಿಕದ ಕಂಪನಿಗಳದ್ದು ಬರೀ ಹೆದರಿಕೆ ಎಂದುಕೊಳ್ಳಬಹುದೇ?

ಹಿಚ್ ಬಾಲ್: ಚಿಕ್ಕ ಗಾಡಿಯ ಪರ ವಾದಿಸುವವರು ಅತಿಗೆ ಹೋಗುವುದು ಇಲ್ಲೇ. ಅಲ್ಲಿನ ಸಂಖ್ಯೆ ದೊಡ್ಡದು ನಿಜ. ಆದರೆ ಜರ್ಮನಿಯಲ್ಲಿ ಟ್ರೇಲರ್ ಎಳೆಯುವ ಕಾರಿನ ವೇಗಮಿತಿ ಗಂಟೆಗೆ 80 ಕಿಲೋಮೀಟರ್, ವಿಶೇಷ ಅನುಮತಿ ಇದ್ದರೆ 100. ಮೂತಿಯ ಭಾರವನ್ನೂ ಅಲ್ಲಿ ಕಡಿಮೆ ಇಡುತ್ತಾರೆ. ಕಡಿಮೆ ವೇಗದಲ್ಲಿ ಅದು ನಡೆಯುತ್ತದೆ. ಅಮೆರಿಕದ ಹೆದ್ದಾರಿಯಲ್ಲಿ ಗಂಟೆಗೆ 110 ಕಿಲೋಮೀಟರ್ ಓಡಿಸುತ್ತಾ ಜರ್ಮನಿಯ ಸಂಖ್ಯೆಯನ್ನು ಮಾತ್ರ ಎರವಲು ತರುವುದು ಲೆಕ್ಕದ ಅರ್ಧ ಭಾಗವನ್ನು ಹರಿದು ಹಾಕಿದ ಹಾಗೆ. ನನ್ನ ವಾದ ಚಿಕ್ಕದೇ ಶ್ರೇಷ್ಠ ಎಂದಲ್ಲ. ಲೆಕ್ಕ ಒಪ್ಪಿದಷ್ಟು ಚಿಕ್ಕದು ಸಾಕು ಎಂದು.

ಪ್ರಶ್ನೆ: ದಡದ ಇಳಿಜಾರಿನಲ್ಲಿ ದೋಣಿಯನ್ನು ಮೇಲೆಳೆಯುವಾಗ?

ಹಿಚ್ ಬಾಲ್: ಅದೊಂದು ಗಟ್ಟಿಯಾದ ಆಕ್ಷೇಪ. ಕಾಂಕ್ರೀಟಿನ ಇಳಿಜಾರು ಪಾಚಿಗಟ್ಟಿರುತ್ತದೆ. ನನ್ನ ಮೇಲೆ ಬಿದ್ದ ಭಾರ ಕಾರಿನ ಹಿಂಬದಿಯನ್ನು ಒತ್ತಿ ಮುಂಬದಿಯನ್ನು ಎತ್ತುತ್ತದೆ, ಏರೂ ಅದನ್ನೇ ಮಾಡುತ್ತದೆ. ಮುಂಚಕ್ರಗಳಿಂದ ಓಡುವ ಗಾಡಿಯಾದರೆ ಹಿಡಿತ ಬೇಕಾದಾಗಲೇ ಚಕ್ರ ಜಾರಿ ಸುಮ್ಮನೆ ಸುತ್ತುತ್ತದೆ. ಹಾಗಾಗಿ ದುಡ್ಡು ಖರ್ಚು ಮಾಡಲೇಬೇಕೆಂದರೆ ನಾಲ್ಕು ಚಕ್ರದ ಚಾಲನೆಗೆ ಮಾಡಿ. ಸಿಯೆನಾ ಮಿನಿವ್ಯಾನಿನಲ್ಲೂ ಅದು ಸಿಗುತ್ತದೆ. ಗಾತ್ರ ಇಲ್ಲಿ ನೆರವಿಗೆ ಬರುವುದಿಲ್ಲ. ಹಿಂಬದಿ ಖಾಲಿ ಇರುವ ಎರಡು ಚಕ್ರ ಚಾಲನೆಯ ದೊಡ್ಡ ಪಿಕಪ್ಪೂ ಪಾಚಿಯ ಮೇಲೆ ಜಾರುತ್ತದೆ.

ಪ್ರಶ್ನೆ: ನಾಳೆ ದೊಡ್ಡ ದೋಣಿ ಕೊಳ್ಳಬೇಕು ಅನ್ನಿಸಿದರೆ?

ಹಿಚ್ ಬಾಲ್: ಅನ್ನಿಸಿಯೇ ಅನ್ನಿಸುತ್ತದೆ. ದೋಣಿ ಇಟ್ಟುಕೊಂಡವರಿಗೆ ಇನ್ನೆರಡು ಅಡಿ ಉದ್ದ ಇದ್ದಿದ್ದರೆ ಎನ್ನುವ ಆಸೆ ಬಿಡುವುದಿಲ್ಲ. ಆ ಆಸೆಗೆ ಇವತ್ತೇ ಗಾಡಿ ಕೊಂಡಿಟ್ಟುಕೊಳ್ಳುವುದು ಏತಕ್ಕೆ? ದೊಡ್ಡ ದೋಣಿಯನ್ನು ಬೇಸಿಗೆಯಿಡೀ ಸರೋವರದ ದಡದಲ್ಲೇ ಬಾಡಿಗೆ ಕೊಟ್ಟು ನಿಲ್ಲಿಸಬಹುದು. ಆಗ ಅದು ರಸ್ತೆಗೆ ಬರುವುದು ಹಂಗಾಮಿನ ಆರಂಭಕ್ಕೊಮ್ಮೆ, ಕೊನೆಗೊಮ್ಮೆ. ಆ ಎರಡು ದಿನಕ್ಕೆ ಟ್ರೇಲರ್ ಎಳೆಯಲು ಕರಾರಿನಲ್ಲೇ ಒಪ್ಪಿಗೆ ಇರುವ ಪಿಕಪ್ ಬಾಡಿಗೆಗೆ ಸಿಗುತ್ತದೆ. ಸಾಮಾನ್ಯ ಬಾಡಿಗೆ ಕಾರಿನ ಕರಾರು ಹೆಚ್ಚಾಗಿ ಇದನ್ನು ನಿಷೇಧಿಸುತ್ತದೆ, ಸಣ್ಣಕ್ಷರ ಓದಿ. ವಾರವಾರವೂ ಬೇರೆ ಬೇರೆ ಸರೋವರಕ್ಕೆ 6,000 ಪೌಂಡಿನ ದೋಣಿ ಒಯ್ಯುವವರಿಗೆ ಮಾತ್ರ ನನ್ನ ವಾದ ಅನ್ವಯಿಸುವುದಿಲ್ಲ. ಅವರಿಗೆ ದೊಡ್ಡ ಗಾಡಿ ನಿಜವಾಗಿಯೂ ಬೇಕು, ಕೊಳ್ಳಲಿ.

ಪ್ರಶ್ನೆ: ಶೋರೂಮಿಗೆ ಹೊರಟವರಿಗೆ ಕೊನೆಯ ಮಾತು?

ಹಿಚ್ ಬಾಲ್: ವೇಬ್ರಿಡ್ಜಿನ ರಸೀದಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಮಾರುವವರು ಬಾನೆಟ್ ಎತ್ತಿ ಎಂಜಿನ್ ತೋರಿಸುತ್ತಿರುವಾಗ ನೀವು ಬಾಗಿಲು ತೆರೆದು ಚೀಟಿ ಓದಿ. ಹಿಚ್ಚಿಗೊಂದು ಮಿತಿ, ನನ್ನನ್ನು ಹೊತ್ತ ಸರಳಿಗೊಂದು ಮಿತಿ, ನನ್ನ ನೆತ್ತಿಯ ಮೇಲೂ ಒಂದು ಮಿತಿ ಕೆತ್ತಿರುತ್ತಾರೆ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ. ಟ್ರೇಲರಿನ ಮೂತಿಯಲ್ಲಿರುವ ಎರಡಿಂಚಿನ ಕಪ್ಲರಿಗೆ ನನ್ನ ತಮ್ಮನನ್ನು, ಒಂದೂ ಮುಕ್ಕಾಲು ಇಂಚು ದಾಟಿದ ಗುಂಡನ್ನು, ಕೂರಿಸಬೇಡಿ. ಕೂತ ಹಾಗೆ ಕಾಣುತ್ತದೆ, ಮೊದಲ ಗುಂಡಿಯಲ್ಲೇ ಎಗರುತ್ತದೆ. ಸೇಫ್ಟಿ ಚೈನುಗಳನ್ನು ಕತ್ತರಿಯಾಕಾರದಲ್ಲಿ ಹಾಯಿಸಿ. ಇಷ್ಟು ಮಾಡಿದ ಮೇಲೆ ಗಾಡಿ ಚಿಕ್ಕದಾಯಿತೇನೋ ಎಂಬ ಸಂಕೋಚ ಉಳಿದರೆ, ಅದು ದೋಣಿಗೆ ಸಂಬಂಧಪಟ್ಟ ಸಮಸ್ಯೆಯಲ್ಲ. ಅದನ್ನು ನನ್ನ ತಲೆಯ ಮೇಲೆ ಹೇರಬೇಡಿ.