ಉದುರಿದ ಎಲೆ ಯಾರ ಮನೆಯದು?

ನಮ್ಮ ಬಡಾವಣೆಯಲ್ಲಿ ಜಗಳಕ್ಕೂ ಋತುಮಾನವುಂಟು. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಮೊದಲು ಯಾರ ಮನೆ ಮುಂದೆ ನಿಲ್ಲಬೇಕು ಎಂದು, ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡದ್ದು ಯಾರ ದೆಸೆಯಿಂದ ಎಂದು, ಭಾದ್ರಪದದಲ್ಲಿ ಗಣಪತಿ ಪೆಂಡಾಲಿನ ಮೈಕು ಯಾರ ಕಿಟಕಿಗೆ ಮುಖ ಮಾಡಿದೆ ಎಂದು. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಿ ಒಳ್ಳೇ ಮಾತಾಡಿಕೊಳ್ಳುತ್ತೇವೆ ನೋಡಿ, ಆ ಎಳ್ಳಿನ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಎಲೆ ಜಗಳ ಶುರು. ಯುಗಾದಿವರೆಗೆ ಬಿಡುವಿಲ್ಲ.

ಚಳಿದೇಶದ ಮರಗಳು ಚಳಿಗೆ ಹೆದರಿ ಎಲೆ ಉದುರಿಸಿದರೆ, ನಮ್ಮವು ಮುಂದೆ ಬರುವ ಒಣ ತಿಂಗಳುಗಳಿಗೆ ಹೆದರಿ ಉದುರಿಸುತ್ತವೆ. ಎಲೆಯಿದ್ದರೆ ನೀರು ಆವಿಯಾಗಿ ಖರ್ಚಾಗುತ್ತದೆ, ಎಲೆಯನ್ನೇ ಕಳಚಿಬಿಟ್ಟರೆ ಖರ್ಚು ಕಡಿಮೆ. ನಮ್ಮ ಬೆಂಗಳೂರಿನವರಿಗಿಂತ ಮೊದಲು ನೀರಿನ ಲೆಕ್ಕ ಹಾಕಿದ್ದು ಈ ಮರಗಳೇ.

ಅವು ಒಟ್ಟಿಗೆ ಉದುರಿಸಿ ಒಂದೇ ಸಲ ಮುಗಿಸಿದ್ದರೆ ಒಂದು ಭಾನುವಾರದಲ್ಲಿ ಗುಡಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇಲ್ಲಿ ಸರದಿ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಸಾಹೇಬರು, ಊರಿನ ಬೀದಿಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುತ್ತಿರಬೇಕೆಂದು ಲೆಕ್ಕ ಹಾಕಿ ಗಿಡ ನೆಡಿಸಿದರು. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಬೀದಿಬೀದಿಗೂ ಲಕ್ಷಗಟ್ಟಲೆ ಗಿಡ ಹಾಕಿಸಿದರು. ಇಬ್ಬರೂ ಪುಣ್ಯಾತ್ಮರು, ಅವರ ನೆರಳಲ್ಲೇ ನಾವು ಕಾರು ನಿಲ್ಲಿಸುತ್ತಿದ್ದೇವೆ. ಆದರೆ ಸರದಿಯಲ್ಲಿ ಹೂ ಬಿಡುವ ಮರಗಳು ಎಲೆಯನ್ನೂ ಸರದಿಯಲ್ಲೇ ಉದುರಿಸುತ್ತವೆ ಎಂಬುದನ್ನು ಪೊರಕೆ ಹಿಡಿಯುವ ಹೆಂಗಸರನ್ನು ಕೇಳಿದ್ದರೆ ಆಗಲೇ ಹೇಳುತ್ತಿದ್ದರು.

ಮೊದಲು ಕಾಡುಬಾದಾಮಿ. ಕೆಂಪಡರಿ, ಜಾಹೀರಾತು ಕೊಟ್ಟೇ ಉದುರುವ ಎಲೆ. ಒಂದೊಂದೂ ಬಿದ್ದ ಸದ್ದು ಒಳಗೆ ಕೂತವರಿಗೆ ಕೇಳಿಸುತ್ತದೆ. ಅದೂ ವರ್ಷಕ್ಕೆ ಎರಡು ಸಲ. ಬಳಿಕ ಹೊಂಗೆ. ಬಿಳಿ ಮಚ್ಚೆ ಬಿದ್ದ ಎಲೆಗಳನ್ನೆಲ್ಲ ಸುರಿದು ಬೋಳಾಗಿ, ನಾವು ಗುಡಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಎಣ್ಣೆ ಹಚ್ಚಿದಂಥ ಚಿಗುರು ತೊಟ್ಟು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಅರಳಿಮರಕ್ಕೂ ಹುಕಿ ಬಂದಿರುತ್ತದೆ. ಇವೆಲ್ಲ ಪೊರಕೆಗೆ ಸಿಗುವ ಎಲೆಗಳು, ಸಹಿಸಬಹುದು. ಮಳೆಮರದ್ದು ಬೇರೆಯೇ ಕತೆ. ಅದರ ಚಿಕ್ಕ ಚಿಕ್ಕ ಎಸಳು ತೆಂಗಿನಕಡ್ಡಿ ಪೊರಕೆಯ ಸಂದಿಯಲ್ಲೇ ನುಸುಳುತ್ತದೆ, ಸ್ಕೂಟರ್ ಸೀಟಿನ ಹೊಲಿಗೆಯಲ್ಲಿ ಕೂರುತ್ತದೆ, ಸಂಪಿನ ಮುಚ್ಚಳದ ಅಂಚಿನಲ್ಲಿ ಇಳಿಯುತ್ತದೆ. ಸಂಡಿಗೆ ಹಾಕುವುದೂ ಇದೇ ಕಾಲದಲ್ಲಿ ತಾನೇ? ತಾರಸಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ಹಸಿ ಸಂಡಿಗೆಗೆ ಅಂಟಿದ ಎಸಳು ಅದರ ಜೊತೆಯಲ್ಲೇ ಒಣಗಿ, ಡಬ್ಬ ಸೇರಿ, ಮಳೆಗಾಲದ ಒಂದು ಸಂಜೆ ಬಾಣಲೆಯಲ್ಲಿ ಅರಳಿಕೊಂಡು ತಟ್ಟೆಗೆ ಬರುತ್ತದೆ. "ಇದೇನಮ್ಮಾ, ಕರಿಬೇವಾ?" ಎಂದು ಮಗ ಕೇಳಿದರೆ "ಹೂಂ, ತಿನ್ನು" ಎನ್ನುವುದೇ ಮೇಲು.

ಇನ್ನು ಜಗಳ. ಎಲೆ ಮರದ ಮೇಲಿರುವತನಕ ಯಾರದ್ದೂ ತಕರಾರಿಲ್ಲ. ಕೆಳಗೆ ಬಿದ್ದ ಕೂಡಲೇ ಅದಕ್ಕೊಬ್ಬ ಮಾಲೀಕ ಬೇಕು. ಮೊನ್ನೆ ಎದುರು ಮನೆಯ ರಾಯರು ನಮ್ಮ ಪಕ್ಕದ ಮನೆಯ ಮೇಷ್ಟ್ರಿಗೆ ಕಾಂಪೌಂಡಿನ ಮೇಲಿಂದಲೇ ನೋಟಿಸು ಜಾರಿ ಮಾಡಿದರು.

"ಏನ್ ಮೇಷ್ಟ್ರೇ, ನಿಮ್ಮ ಎಲೆ ದಿನಾ ನಮ್ಮನೆಗೆ ಬರ್ತಾ ಇದೆ."

"ಬರ್ಲಿ ಬಿಡಿ ರಾಯರೇ. ನಿಮ್ಮ ಕಾರೂ ದಿನಾ ನಮ್ಮ ನೆರಳಿಗೆ ಬರ್ತಾ ಇದೆಯಲ್ಲ!"

ಮೇಷ್ಟ್ರು ಗೆದ್ದರು ಅಂದುಕೊಳ್ಳಬೇಡಿ. ರಾಯರು ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ಅಷ್ಟೂ ಎಲೆಯನ್ನು ಅಚ್ಚುಕಟ್ಟಾಗಿ ರಸ್ತೆ ದಾಟಿಸಿ ಮೇಷ್ಟ್ರ ಗೇಟಿಗೆ ಒತ್ತರಿಸಿದ್ದರು. ಏಳಕ್ಕೆ ಬಂದ ಪೌರಕಾರ್ಮಿಕ ಹೆಂಗಸು ಅದನ್ನು ಮೂಲೆಯ ಲೈಟುಕಂಬದ ಬುಡಕ್ಕೆ ರಾಶಿ ಮಾಡಿದಳು. ಎಂಟಕ್ಕೆ ಸ್ಕೂಲ್ ವ್ಯಾನ್ ಬಂತು. ಅದು ಹೋದಮೇಲೆ ಎಲೆಗಳು ಯಾರ ಪಕ್ಷವನ್ನೂ ವಹಿಸದೆ ಎರಡೂ ಮನೆಗೆ ಸಮಪಾಲಾಗಿದ್ದವು.

ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನವರು ಈ ಪೊರಕೆಯ ರಗಳೆಯೇ ಬೇಡವೆಂದು ಪೆಟ್ರೋಲಿನ ಬ್ಲೋವರ್ ತರಿಸಿದ್ದಾರೆ. ಸೊಸೈಟಿ ಕಾರ್ಯದರ್ಶಿಗಳ ಮಗಳು ಅಳಿಯ ಅಮೆರಿಕದಲ್ಲಿದ್ದಾರೆ. ಅಕ್ಟೋಬರ್ ಬಂತೆಂದರೆ ಮೇಪಲ್ ಎಲೆಯ ಮಧ್ಯೆ ಬ್ಲೋವರ್ ಬೆನ್ನಿಗೇರಿಸಿಕೊಂಡು ನಿಂತ ಅಳಿಯನ ಫೋಟೋ ವಾಟ್ಸಾಪಿಗೆ ಬರುತ್ತದೆ. ಅತ್ತೆ ಮನೆಗೆ ಬಂದಾಗ ಕುಡಿದ ಕಾಫಿ ಲೋಟ ಎತ್ತಿಡದ ಅಳಿಯ ಅಲ್ಲಿ ಅಂಗಳ ಹಸನು ಮಾಡುವುದನ್ನು ಕಂಡು ಅತ್ತೆಗೆ ಕಣ್ತುಂಬಿ ಬಂದಿದೆ, ಮಾವನಿಗೆ ಯಂತ್ರದ ಮೇಲೆ ಮನಸ್ಸಾಗಿದೆ. ಅದೇ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ, ಗದ್ದಲ ತಾಳಲಾರದೆ, 2022ರ ಜನವರಿಯಿಂದ ಪೆಟ್ರೋಲ್ ಬ್ಲೋವರಿಗೆ ನಿಷೇಧವಿದೆ ಎಂದು ಹೇಳಿ ನೋಡಿದೆವು. ಆ ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.

ಬೆಂಕಿ ಹಚ್ಚುವ ಭೂಪರದ್ದು ಇನ್ನೊಂದು ಪಂಗಡ. ಎಲೆ ಒಟ್ಟು, ಕಡ್ಡಿ ಗೀರು, ಒಳಗೆ ಹೋಗಿ ಟೀವಿ ಹಾಕು. ಕೇಳಿದರೆ "ಸೊಳ್ಳೆ ಹೋಗುತ್ತೆ ಸಾರ್" ಎನ್ನುತ್ತಾರೆ. ಸೊಳ್ಳೆ ಹೋಗುತ್ತದೋ ಇಲ್ಲವೋ, ಆಸ್ತಮಾ ಇರುವ ಪಕ್ಕದ ಮನೆಯ ಅಜ್ಜಿಯಂತೂ ಮಗಳ ಮನೆಗೆ ಹೋಗುತ್ತಾರೆ. ಬಯಲಲ್ಲಿ ಕಸ ಸುಡಬಾರದೆಂದು ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಅಪ್ಪಣೆ ಮಾಡಿದೆ. ಸಣ್ಣ ರಾಶಿಗೆ 5,000 ರೂಪಾಯಿ ದಂಡ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ಕಾಮಣ್ಣನ ಹಬ್ಬಕ್ಕೆ ಕಟ್ಟಿಗೆ ಕದಿಯುತ್ತಿದ್ದ ಹುಡುಗರೇ ವಾಸಿ, ವರ್ಷಕ್ಕೊಂದು ದಿನ ಸುಟ್ಟು ಸುಮ್ಮನಾಗುತ್ತಿದ್ದರು.

"ಮರವನ್ನೇ ಕಡಿಸಿಬಿಡೋಣ" ಎನ್ನುವ ಧೀರರೂ ಇದ್ದಾರೆ. ಅವರಿಗೆ 1976ರ ಮರ ಸಂರಕ್ಷಣಾ ಕಾಯ್ದೆಯ ಹೆಸರು ಹೇಳಿ, ಅರ್ಜಿ ಹಿಡಿದು ಕಚೇರಿ ಅಲೆಯಬೇಕಾಗುತ್ತದೆ ಎಂದರೆ ಸಾಕು. ಅಲೆದಾಟದ ಮುಂದೆ ಎಲೆಯೇ ಹಿತ ಎನಿಸಿ ಸುಮ್ಮನಾಗುತ್ತಾರೆ.

ಇಷ್ಟೆಲ್ಲ ರಂಪ ಮಾಡುತ್ತೇವಲ್ಲ, ಬಿದ್ದ ಎಲೆಯಲ್ಲಿ ಮರ ಏನನ್ನು ಬಿಟ್ಟಿದೆ ಗೊತ್ತೇ? ಮನೆ ಖಾಲಿ ಮಾಡುವಾಗ ಬಲ್ಬು, ಹೋಲ್ಡರು, ಕೊನೆಗೆ ಗೋಡೆಯ ಮೊಳೆಯನ್ನೂ ಕಿತ್ತುಕೊಂಡು ಹೋಗುವ ಬಾಡಿಗೆದಾರನಂತೆ ಅದು. ಉದುರಿಸುವ ಮುನ್ನ ಎಲೆಯಲ್ಲಿನ ಸಾರಜನಕ, ರಂಜಕಗಳಲ್ಲಿ ಸುಮಾರು ಅರ್ಧದಷ್ಟನ್ನು ಒಳಕ್ಕೆ ಸೆಳೆದುಕೊಂಡು, ತೊಟ್ಟಿನ ಬುಡಕ್ಕೆ ತೆಳ್ಳನೆಯ ಪದರವೊಂದನ್ನು ಕಟ್ಟಿ ಆಮೇಲೆ ಬಿಟ್ಟುಕೊಡುತ್ತದೆ. ಹೀಗಾಗಿ ತರಗೆಲೆಯಲ್ಲಿ ಇಂಗಾಲ ಧಾರಾಳ, ಸಾರಜನಕಕ್ಕೆ ಬಡತನ. "ಎಲೆ ತುಂಬಿಸಿ ಆರು ತಿಂಗಳಾಯ್ತು, ಗೊಬ್ಬರವೂ ಆಗಿಲ್ಲ ಮಣ್ಣೂ ಆಗಿಲ್ಲ" ಎಂದು ನೀಲಿ ಡ್ರಮ್ಮಿನ ಮುಂದೆ ಗೊಣಗುವವರು ಇದನ್ನು ಗಮನಿಸಬೇಕು. ಒಣ ಎಲೆಯೊಂದನ್ನೇ ತುಂಬಿದರೆ ಅದು ಹಾಗೇ ಕೂತಿರುತ್ತದೆ. ಮಧ್ಯೆ ಮಧ್ಯೆ ತರಕಾರಿ ಸಿಪ್ಪೆ, ಸಗಣಿ, ಹುಳಿಮಜ್ಜಿಗೆ ಬಿದ್ದು, ಹಿಂಡಿದ ಬಟ್ಟೆಯಷ್ಟು ತೇವವಿದ್ದು, ಆಗೊಮ್ಮೆ ಈಗೊಮ್ಮೆ ಮಗುಚುತ್ತಿದ್ದರೆ ಕೆಲವೇ ತಿಂಗಳಲ್ಲಿ ಕಪ್ಪು ಪುಡಿ ಕೈಗೆ ಬರುತ್ತದೆ. ವಾಸನೆ ಬಂದರೆ ಸಿಪ್ಪೆ ಹೆಚ್ಚಾಯಿತೆಂದು ಅರ್ಥ, ಇನ್ನೆರಡು ಬುಟ್ಟಿ ಎಲೆ ಸುರಿಯಿರಿ. ಇಷ್ಟು ಕಲಿತವರು ಮದುವೆಮನೆಯಲ್ಲೂ ಮೊಬೈಲ್ ತೆಗೆದು ಗೊಬ್ಬರದ ಫೋಟೋ ತೋರಿಸುತ್ತಾರೆ, ಅದೊಂದನ್ನು ಮಾತ್ರ ಯಾರಾದರೂ ತಡೆಯಬೇಕು.

ಶಿರಸಿ, ಸಾಗರದ ಕಡೆ ಹೋಗಿ ಇದೇ ಎಲೆಯ ಬಗ್ಗೆ ದೂರು ಹೇಳಿ ನೋಡಿ, ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಅಲ್ಲಿ ಅದಕ್ಕೆ ದರಕು ಎನ್ನುತ್ತಾರೆ, ಅದು ಕಸವಲ್ಲ, ಆಸ್ತಿ. ಅಡಿಕೆ ತೋಟದವರಿಗೆ ಸೊಪ್ಪು, ದರಕು ತಂದುಕೊಳ್ಳಲೆಂದೇ ಸೊಪ್ಪಿನ ಬೆಟ್ಟದ ಹಕ್ಕು ಹಿಂದಿನಿಂದ ಬಂದಿದೆ. ಬೇಸಿಗೆ ಶುರುವಿನಲ್ಲಿ ಬೆಟ್ಟಕ್ಕೆ ಹೋಗಿ ಗುಡಿಸಿ, ದೊಡ್ಡ ಬುಟ್ಟಿಯಲ್ಲಿ ತುಳಿದು ತುಳಿದು ತುಂಬಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ದನದ ಕಾಲಡಿಯಲ್ಲಿ ಸಗಣಿ ಗಂಜಲ ಕುಡಿದ ದರಕು ಗೊಬ್ಬರಗುಂಡಿ ಸೇರಿ, ಅಲ್ಲಿಂದ ಅಡಿಕೆ ಬುಡಕ್ಕೆ ಹೋಗುತ್ತದೆ. ಅಲ್ಲಿಯೂ ಎಲೆಗಾಗಿ ಜಗಳ ನಡೆಯುತ್ತದೆ, ಆದರೆ "ನಮ್ಮ ಬೆಟ್ಟದ ದರಕು ನೀವ್ಯಾಕೆ ಗುಡಿಸಿದಿರಿ" ಎಂಬ ಜಗಳ! ಬಯಲುಸೀಮೆಯ ರೈತರೂ ಹೊಂಗೆ ಸೊಪ್ಪನ್ನು ಕಡಿದು ತಂದು ಗದ್ದೆಗೆ ತುಳಿಯುತ್ತಿದ್ದವರೇ. ಅದೇ ಹೊಂಗೆ ನಮ್ಮ ಬೀದಿಯಲ್ಲಿ ಪುಕ್ಕಟೆ ಸುರಿದರೆ ಕಸದ ಗಾಡಿಯವನ ಕೈಗೆ ಇಪ್ಪತ್ತು ರೂಪಾಯಿ ಇಟ್ಟು ಸಾಗಹಾಕುತ್ತೇವೆ.

ಕಾಡುಬಾದಾಮಿಯನ್ನು ಬೈಯುವವರಿಗೆ ಇನ್ನೊಂದು ಸಮಾಚಾರ. ಅದರ ಒಣ ಎಲೆಯನ್ನು ಅಕ್ವೇರಿಯಂ ಸಾಕುವವರು ನೀರಿಗೆ ಹಾಕುತ್ತಾರೆ. ನೀರು ಟೀ ಬಣ್ಣಕ್ಕೆ ತಿರುಗಿ ತುಸು ಹುಳಿಯಾಗುತ್ತದೆ, ಫೈಟರ್ ಮೀನಿಗೆ ಅದು ಒಗ್ಗುತ್ತದಂತೆ. ಅದಕ್ಕೆಂದು ಅದೇ ಎಲೆಯನ್ನು ತೊಳೆದು, ಒಣಗಿಸಿ, ಪ್ಯಾಕೆಟ್ ಮಾಡಿ ಆನ್‌ಲೈನಿನಲ್ಲಿ ಮಾರುತ್ತಾರೆ. ರಾಯರ ಮೊಮ್ಮಗನೇ ಒಂದು ಪ್ಯಾಕೆಟ್ ತರಿಸಿದ. ಡೆಲಿವರಿ ಹುಡುಗ ಗೇಟಿನ ತನಕ ಬಂದದ್ದು ಬಾದಾಮಿ ಎಲೆಯ ರಾಶಿಯನ್ನು ತುಳಿದುಕೊಂಡೇ.

ನನ್ನನ್ನು ಕೇಳಿದರೆ ತಪ್ಪು ಮರದ್ದೂ ಅಲ್ಲ, ಗಾಳಿಯದೂ ಅಲ್ಲ. ತಪ್ಪು ಅಂಗಳದ್ದು. ಮೊದಲು ಮನೆ ಮುಂದೆ ಮಣ್ಣಿತ್ತು. ಎಲೆ ಬಿದ್ದರೆ ಒಂದಷ್ಟು ಗುಡಿಸಿ ತೆಂಗಿನ ಪಾತಿಗೋ ಬಾಳೆಬುಡಕ್ಕೋ ಒತ್ತುತ್ತಿದ್ದರು, ಉಳಿದದ್ದನ್ನು ಗೆದ್ದಲು, ಎರೆಹುಳು ನೋಡಿಕೊಳ್ಳುತ್ತಿದ್ದವು. ಈಗ ಕಾಂಪೌಂಡಿನಿಂದ ಕಾಂಪೌಂಡಿಗೆ ಪಾರ್ಕಿಂಗ್ ಟೈಲ್ಸ್, ಗೇಟಿನಾಚೆ ಕಾಂಕ್ರೀಟು. ತುಳಸಿಗೂ ಕುಂಡ. ಪಾಪ, ಎಲೆ ಕೊಳೆಯಬೇಕೆಂದರೂ ಜಾಗ ಎಲ್ಲಿದೆ? ಕೊನೆಗೆ ಅದು ಹೋಗಿ ಕೂರುವುದು ತಾರಸಿಯ ನೀರಿನ ಪೈಪಿನ ಬಾಯಲ್ಲಿ. ಏಪ್ರಿಲ್ಲಿನ ಮೊದಲ ಗುಡುಗು ಮಳೆಗೆ ತಾರಸಿ ಕೆರೆಯಾದಾಗ ಪ್ಲಂಬರಿಗೆ ಫೋನ್ ಹೋಗುತ್ತದೆ. ಅವನು ಬಂದು, ಒಂದು ಹಿಡಿ ಎಲೆ ತೆಗೆದು, ಐನೂರು ರೂಪಾಯಿ ಇಸಿದುಕೊಂಡು ಹೋಗುತ್ತಾನೆ. ಬೆಂಗಳೂರಿನಲ್ಲಿ ತರಗೆಲೆಗೆ ಸಿಗುವ ಅತಿ ಹೆಚ್ಚಿನ ಬೆಲೆ ಅದೇ ಇರಬೇಕು.

ಆದ್ದರಿಂದ ಯುಗಾದಿಗೆ ಮುಂಚೆ ತಾರಸಿಗೊಮ್ಮೆ ಹತ್ತಿ ಪೈಪಿನ ಬಾಯಿ ನೋಡಿಕೊಳ್ಳಿ. ಸಾಧ್ಯವಾದರೆ ಗೇಟಿನ ಪಕ್ಕದ ನಾಲ್ಕು ಟೈಲ್ಸ್ ಎಬ್ಬಿಸಿ ಒಂದು ಗುಂಡಿಯಷ್ಟು ಮಣ್ಣು ಬಿಡಿ. ಅದೂ ಆಗದಿದ್ದರೆ ಸುಡಬೇಡಿ, ಎದುರುಮನೆಗೆ ದಾಟಿಸಬೇಡಿ, ಗೋಣಿಚೀಲಕ್ಕೆ ತುಂಬಿ ಗೇಟಿನ ಹೊರಗಿಡಿ, ನಮ್ಮ ಬೀದಿಯವರಾದರೆ ನಾನೇ ಒಯ್ಯುತ್ತೇನೆ. ಚೀಲದಲ್ಲಿ ಪ್ಲಾಸ್ಟಿಕ್ ಮಾತ್ರ ಇರಕೂಡದು, ಮತ್ತು ಖಾಲಿ ಚೀಲ ವಾಪಸ್ ಕೇಳಬಾರದು.